ಹಾಡು ಯಾರ ಎದುರು ನಿಂತಿದೆ?

ಜನಪ್ರಿಯ ಸಂಗೀತದಲ್ಲಿ ದೇವರ ಹೆಸರು ಬಂದಾಗಲೆಲ್ಲ ಎರಡು ದೂರು ಏಳುತ್ತವೆ. ಪಾವಿತ್ರ್ಯ ಕೆಟ್ಟಿತು ಎಂದು ಭಕ್ತರು, ಹಾಡು ಪ್ರವಚನವಾಯಿತು ಎಂದು ರಸಿಕರು. ಅಮೆರಿಕ ಮತ್ತು ಜಮೈಕಾದ ಹಾಡುಗಳನ್ನು ಮನಸ್ಸಿಟ್ಟು ಕೇಳಿದರೆ ಎರಡೂ ದೂರು ಗುರಿ ತಪ್ಪಿವೆ ಎನ್ನಿಸುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಹಾಡುವವರು ಯಾರ ಎದುರು ನಿಂತಿದ್ದಾರೆ? ದೇವರ ಎದುರೋ, ಮಾರುಕಟ್ಟೆಯ ಎದುರೋ, ತಾವು ತಿದ್ದಬಯಸುವ ಜನರ ಎದುರೋ?

ಚರ್ಚಿಗೂ ಕುಣಿತದ ಮನೆಗೂ ನಡುವಿನ ಗೋಡೆ ಅಲ್ಲಿ ಎಂದೂ ಗಟ್ಟಿಯಾಗಿರಲಿಲ್ಲ. ಗಾಸ್ಪೆಲ್ ಸಂಗೀತದ ಪಿತಾಮಹ ಎನಿಸಿಕೊಂಡ ಥಾಮಸ್ ಡಾರ್ಸಿ ಮೊದಲು ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ ಪೋಲಿ ಬ್ಲೂಸ್ ಹಾಡುಗಳಿಗೆ ಪಿಯಾನೊ ನುಡಿಸುತ್ತಿದ್ದವರು. 1932ರಲ್ಲಿ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡರು, ಹಿಂದೆಯೇ ಹಸುಗೂಸೂ ಹೋಯಿತು. ಆ ಸಂಕಟದಲ್ಲಿ ಡಾರ್ಸಿ ‘ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್’ ಬರೆದರು. ಬ್ಲೂಸ್‌ನ ನರಳಿಕೆಯೇ ಅಲ್ಲಿ ಪ್ರಾರ್ಥನೆಯಾಯಿತು. 1954ರಲ್ಲಿ ರೇ ಚಾರ್ಲ್ಸ್ ಅದೇ ದಾರಿಯಲ್ಲಿ ಎದುರು ದಿಕ್ಕಿಗೆ ನಡೆದು, ಗಾಸ್ಪೆಲ್ ಧಾಟಿಗೆ ಪ್ರೇಯಸಿಯ ಹೊಗಳಿಕೆ ಕೂಡಿಸಿದರು. ಸೋಲ್ ಸಂಗೀತ ಮೈದಳೆದದ್ದು ಹೀಗೆ. ಮಡಿವಂತರಿಗೆ ಸಿಟ್ಟು ಬಂತು. ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದು ಹಾಡಿದ ಅಕ್ಕಮಹಾದೇವಿಯನ್ನು ಓದಿದವರಿಗೆ ಆ ಸಿಟ್ಟಿನಲ್ಲಿ ಹುರುಳು ಕಾಣದು. ಪ್ರೇಮಕ್ಕೂ ಭಕ್ತಿಗೂ ಒಂದೇ ಗಂಟಲು ಸಾಕು.

ಇದಕ್ಕೆ ಅರೆಥಾ ಫ್ರಾಂಕ್ಲಿನ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಡೆಟ್ರಾಯ್ಟ್‌ನ ಬ್ಯಾಪ್ಟಿಸ್ಟ್ ಪಾದ್ರಿಯ ಮಗಳು ಈಕೆ. ಪ್ರೇಮಗೀತೆಗಳಿಂದ ಖ್ಯಾತಿಯ ತುದಿಗೇರಿದ್ದಾಗ, 1972ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಚರ್ಚೊಂದರಲ್ಲಿ ಎರಡು ರಾತ್ರಿ ಹಾಡಿ ‘ಅಮೇಜಿಂಗ್ ಗ್ರೇಸ್’ ಆಲ್ಬಂ ಧ್ವನಿಮುದ್ರಿಸಿದರು. ಆಕೆ ಸ್ವರವನ್ನು ಎಳೆದಾಗಲೆಲ್ಲ ಸಭೆ ಓಗೊಡುವುದು ಅದರಲ್ಲಿ ಕೇಳಿಸುತ್ತದೆ. ಅಲ್ಲಿ ತಾರೆಯಿಲ್ಲ, ಪ್ರೇಕ್ಷಕರಿಲ್ಲ. ಎಲ್ಲರೂ ಒಂದೇ ಕಡೆಗೆ ಮುಖ ಮಾಡಿದ್ದಾರೆ.

ಜಮೈಕಾದ ರೆಗೆಯಲ್ಲಿ ಈ ಸಭೆ ಒಂದು ಜನಾಂಗದಷ್ಟು ಹಿಗ್ಗುತ್ತದೆ. ಗುಲಾಮರಾಗಿ ಸಾಗಿಸಲ್ಪಟ್ಟವರ ಮಕ್ಕಳು ಬೈಬಲ್ಲಿನಲ್ಲಿ ತಮ್ಮದೇ ಚರಿತ್ರೆಯನ್ನು ಓದಿಕೊಂಡರು. ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿಯಲ್ಲಿ ದೈವವನ್ನು ಕಂಡ ರಾಸ್ತಫಾರಿಗಳಿಗೆ ಬ್ಯಾಬಿಲೋನ್ ಎಂದರೆ ತಮ್ಮನ್ನು ತುಳಿಯುತ್ತಿರುವ ಇಂದಿನ ವ್ಯವಸ್ಥೆ. 137ನೆಯ ಕೀರ್ತನೆಯನ್ನು ಆಧರಿಸಿ ಮೆಲೋಡಿಯನ್ಸ್ ತಂಡ 1970ರಲ್ಲಿ ಹಾಡಿದ ‘ರಿವರ್ಸ್ ಆಫ್ ಬ್ಯಾಬಿಲೋನ್’ನಲ್ಲಿ ಸೆರೆಯಾದವರ ದನಿಯಿದೆ. 1978ರಲ್ಲಿ ಬೋನಿ ಎಂ ಅದನ್ನು ಡಿಸ್ಕೊ ಮಾಡಿತು. ರಾಸ್ತಫಾರಿ ಚಕ್ರವರ್ತಿಯ ಉಲ್ಲೇಖವನ್ನು ಕಿತ್ತು ಸಾಮಾನ್ಯ ‘ಲಾರ್ಡ್’ ಎಂಬ ಪದವನ್ನು ಕೂರಿಸಿತು. ಹಾಡು ಯುರೋಪನ್ನೆಲ್ಲ ಗೆದ್ದಿತು. ಅದನ್ನು ಹುಟ್ಟಿಸಿದ ಜನರ ದೇವರು ಮಾತ್ರ ಹೊರಗುಳಿದ. ಧರ್ಮನಿಂದೆಯ ಗದ್ದಲ ಎಲ್ಲೂ ಏಳಲಿಲ್ಲ. ನನ್ನ ಮಟ್ಟಿಗೆ ನಿಜವಾದ ಅಪಚಾರ ಇದು.

ಗದ್ದಲ ಎದ್ದದ್ದು 1989ರಲ್ಲಿ, ಮಡೊನ್ನಾಳ ‘ಲೈಕ್ ಎ ಪ್ರೇಯರ್’ ವಿಡಿಯೊ ಬಂದಾಗ. ಉರಿಯುವ ಶಿಲುಬೆಗಳನ್ನೂ ಕಪ್ಪು ಸಂತನನ್ನೂ ಕಂಡು ಕ್ರೈಸ್ತ ಸಂಘಟನೆಗಳು ಕೆರಳಿದವು, ಪೆಪ್ಸಿ ಆಕೆಯ ಜಾಹೀರಾತನ್ನು ಹಿಂತೆಗೆದುಕೊಂಡಿತು. ಕತೆಯನ್ನು ನೋಡಿದವರು ಕಡಿಮೆ. ಮಾಡದ ತಪ್ಪಿಗೆ ಬಂಧನಕ್ಕೊಳಗಾದ ಕಪ್ಪು ಯುವಕನ ಪರ ಸಾಕ್ಷಿ ನುಡಿಯಲು ಹೆಣ್ಣೊಬ್ಬಳು ಚರ್ಚಿನಲ್ಲಿ ಧೈರ್ಯ ತಂದುಕೊಳ್ಳುತ್ತಾಳೆ. ಆತ್ಮಸಾಕ್ಷಿಯ ಎದುರು ನಿಂತ ಹಾಡು ಅದು.

ಬಾಬ್ ಡಿಲನ್ ಮತಾಂತರದ ಬಿಸಿಯಲ್ಲಿ 1979ರಲ್ಲಿ ತಂದ ‘ಸ್ಲೋ ಟ್ರೇನ್ ಕಮಿಂಗ್’ನ ನಂಬಿಕೆ ಪ್ರಾಮಾಣಿಕ, ವಾದನ ಬಿಗಿ. ಆದರೂ ಹಲವು ಕಡೆ ಹಾಡುಗಾರ ಕೇಳುಗರಿಗೆ ತೀರ್ಪು ಕೊಡಲು ತೊಡಗುತ್ತಾನೆ. ಅಲ್ಲೆಲ್ಲ ಕಾವ್ಯ ಸೊರಗುತ್ತದೆ. ಯೆಹೂದಿಯಾಗಿ ಹುಟ್ಟಿ, ಝೆನ್ ದೀಕ್ಷೆ ಪಡೆದ ಲಿಯೊನಾರ್ಡ್ ಕೋಹೆನ್ ತದ್ವಿರುದ್ಧ. ‘ಹಲ್ಲೆಲೂಯ’ದಲ್ಲಿ ದಾವೀದನ ಪತನವೂ ಸ್ತೋತ್ರವೂ ಒಂದೇ ಉಸಿರಿನಲ್ಲಿವೆ. 2016ರಲ್ಲಿ, ಸಾಯುವ ಕೆಲವೇ ವಾರಗಳ ಮುಂಚೆ ಬಂದ ‘ಯು ವಾಂಟ್ ಇಟ್ ಡಾರ್ಕರ್’ನಲ್ಲಿ, ತನ್ನ ಊರಾದ ಮಾಂಟ್ರಿಯಲ್‌ನ ಸಿನಗಾಗ್‌ನ ಗಾಯಕವೃಂದದ ಜೊತೆ ನಿಂತು ದೇವರನ್ನೇ ಪ್ರಶ್ನಿಸುತ್ತಾನೆ, ಶರಣೂ ಆಗುತ್ತಾನೆ. ನಿಂದಾಸ್ತುತಿಯನ್ನು ಕೇಳಿ ಬೆಳೆದ ನಮಗೆ ಈ ಜಗಳದ ಸಲುಗೆ ತಿಳಿಯುತ್ತದೆ.

ಹಿಪ್‌ಹಾಪ್‌ನಲ್ಲಿ ಈ ವ್ಯತ್ಯಾಸವನ್ನು ಒಬ್ಬನಲ್ಲೇ ಕಾಣಬಹುದು. ಕಾನ್ಯೆ ವೆಸ್ಟ್‌ನ 2004ರ ‘ಜೀಸಸ್ ವಾಕ್ಸ್’ ಬಹುಕಾಲ ದೇವರೊಡನೆ ಮಾತು ಬಿಟ್ಟವನ ಅಳುಕಿನಿಂದ ಬಂದ ಹಾಡು. 2019ರ ‘ಜೀಸಸ್ ಈಸ್ ಕಿಂಗ್’ ಆಲ್ಬಂನಲ್ಲಿ ಅಳುಕು ಕರಗಿ ಘೋಷಣೆ ಉಳಿದಿದೆ. ನಂಬಿಕೆ ಹೆಚ್ಚಿದ್ದರಿಂದ ಹಾಡು ಸೋತಿತು ಎಂದು ನಾನು ಹೇಳುತ್ತಿಲ್ಲ. ತನ್ನನ್ನು ಪರೀಕ್ಷಿಸಿಕೊಳ್ಳುವುದು ನಿಂತದ್ದರಿಂದ ಸೋತಿತು.

ನಮ್ಮಲ್ಲಿಯೂ ಇದೇ ಅಳತೆಗೋಲು ಸಲ್ಲುತ್ತದೆ. ಶಿಶುನಾಳ ಶರೀಫರ ತತ್ವಪದಗಳನ್ನು ಸಿ. ಅಶ್ವತ್ಥ್ ಸುಗಮ ಸಂಗೀತಕ್ಕೆ ತಂದರು, ರಘು ದೀಕ್ಷಿತ್ ಗಿಟಾರಿನ ಅಬ್ಬರಕ್ಕೆ ತಂದರು. ಕುಣಿಸುವ ತಾಳ ಪದಕ್ಕೆ ಕೇಡಲ್ಲ. ಹುಕ್ಕಾದಂಥ ದಿನಬಳಕೆಯ ವಸ್ತುವಿನಲ್ಲಿ ತತ್ವ ಕಂಡ ಶರೀಫರು ಬೀದಿಗೆ ಹೆದರಿದವರಲ್ಲ. ಕುಣಿಯುವವನಿಗೆ ತನ್ನ ಒಳಗನ್ನು ನೋಡಿಕೊಳ್ಳುವ ಮಾತು ಕೇಳಿಸದಷ್ಟು ಅಬ್ಬರವಾದರೆ ಮಾತ್ರ ಕೇಡು.

ಆದ್ದರಿಂದ ಧಾರ್ಮಿಕ ಹಾಡನ್ನು ವಾದ್ಯದಿಂದಾಗಲಿ, ವೇಷದಿಂದಾಗಲಿ, ಹಾಡುಗಾರನ ಶೀಲದಿಂದಾಗಲಿ ಅಳೆಯುವುದು ಬೇಡ. ಬಸವಣ್ಣ ಎಷ್ಟೋ ವಚನಗಳಲ್ಲಿ ತಮ್ಮ ಮನಸ್ಸನ್ನೇ ವಿಚಾರಣೆಗೆ ನಿಲ್ಲಿಸಿದರು. ಹಾಗೆ ತನ್ನನ್ನು ನಿಲ್ಲಿಸಿಕೊಳ್ಳಬಲ್ಲ ಗಾಯಕನಿಗೆ ಡ್ರಮ್ಮು, ಡಿಸ್ಕೊ, ರ್‍ಯಾಪ್ ಯಾವುದೂ ಅಡ್ಡಿಯಲ್ಲ; ನಿಲ್ಲಿಸಿಕೊಳ್ಳಲಾರದವನನ್ನು ತಂಬೂರಿಯೂ ಕಾಪಾಡುವುದಿಲ್ಲ.