ಹಳತಾಗಲು ಬಿಡದ ಗುಡಿ

ಜಪಾನಿನ ಹಳ್ಳಿಗಾಡಿನ ಶಿಂತೋ ಗುಡಿ ಅಂದ ಕೂಡಲೇ ಟ್ರಾವೆಲ್ ವ್ಲಾಗ್‌ಗಳಿಗೆ ಎರಡು ಪದ ಸಿಕ್ಕಿಬಿಡುತ್ತವೆ: 'ಮಿನಿಮಲ್' ಮತ್ತು 'ವಾಬಿ-ಸಾಬಿ'. ಮಿಯೆ ಪ್ರಾಂತ್ಯದ ಬೆಟ್ಟಗಳ ನಡುವಿನ ತಾಕಿಹಾರಾ-ನೊ-ಮಿಯಾ ಗುಡಿಯ ಮುಂದೆ ನಿಂತರೆ ಎರಡೂ ಕೈಕೊಡುತ್ತವೆ.

ಮೊದಲು ಬಣ್ಣ ಬಳಿಯದ ಮರದ ತೋರಿ, ಅಂದರೆ ಹೆಬ್ಬಾಗಿಲು. ಆಮೇಲೆ ಮುಗಿಲೆತ್ತರದ ಸೀಡರ್ ಮರಗಳ ನೆರಳಲ್ಲಿ ಉದ್ದದ ದಾರಿ. ಮೆಟ್ಟಿಲಿಳಿದು ಹೊಳೆಯಲ್ಲೇ ಕೈ ತೊಳೆಯಬಹುದು. ಕೊನೆಗೆ ಹುಲ್ಲು ಹೊದಿಸಿದ ಪುಟ್ಟ ಗುಡಿ, ಸುತ್ತ ಬೇಲಿ. ಒಳಗೆ ಬಿಡಲ್ಲ, ನೋಡೋಕೆ ವಿಗ್ರಹವೂ ಇಲ್ಲ. ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿದರೆ ದರ್ಶನ ಮುಗೀತು. ಇಷ್ಟೇನಾ ಅನ್ನಿಸೋದು ಸಹಜ.

ಆದರೆ ಪಕ್ಕದ ಖಾಲಿ ನಿವೇಶನ ನೋಡಿ. ಮುಂದಿನ ಗುಡಿ ಏಳುವುದು ಅಲ್ಲಿ. ಇಸೆಯ ಮಹಾಗುಡಿಗೆ ಸೇರಿದ 125 ಗುಡಿಗಳಲ್ಲಿ ಇದೂ ಒಂದು. 20 ವರ್ಷಕ್ಕೊಮ್ಮೆ ಗುಡಿಯನ್ನು ಹೊಸದಾಗಿ ಕಟ್ಟುವ ಪದ್ಧತಿ ಇಸೆಯಲ್ಲಿ ಶುರುವಾದದ್ದು 690ರಲ್ಲಿ. 2013ರಲ್ಲಿ ನಡೆದದ್ದು 62ನೆಯದು. ವಾಬಿ-ಸಾಬಿಗೆ ಪ್ರಿಯವಾದದ್ದು ಕಾಲದ ಕಲೆ. ಇಲ್ಲಿ ಆ ಕಲೆ ಗಟ್ಟಿಯಾಗುವ ಮುಂಚೆಯೇ ಗುಡಿ ಬಿಚ್ಚುತ್ತಾರೆ, ಹಳೆಯ ಮರವನ್ನು ಬೇರೆ ಗುಡಿಗಳಿಗೆ ಕೊಡುತ್ತಾರೆ. ಇನ್ನು 'ಮಿನಿಮಲ್'? ಇಸೆಯ ಒಂದು ಸುತ್ತಿನ ಮರುನಿರ್ಮಾಣಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಹಿನೋಕಿ ದಿಮ್ಮಿ ಬೇಕು. ಇಪ್ಪತ್ತರ ಹರೆಯದಲ್ಲಿ ಉಳಿ ಹಿಡಿದ ಬಡಗಿ ನಲವತ್ತಕ್ಕೆ ಕಲಿಸುವವನಾಗುತ್ತಾನೆ. ಉಳಿಸಿಕೊಳ್ಳುತ್ತಿರುವುದು ಕಟ್ಟಡವನ್ನಲ್ಲ, ಕಟ್ಟುವ ಕೈಯನ್ನು.

ಹಾಗಂತ '1300 ವರ್ಷದಿಂದ ಒಂಚೂರೂ ಬದಲಾಗಿಲ್ಲ' ಅನ್ನೋ ಬ್ರೋಷರ್ ಮಾತನ್ನು ನುಂಗಬೇಕಾಗಿಲ್ಲ. 15-16ನೇ ಶತಮಾನದ ಯುದ್ಧಗಳ ನಡುವೆ ಈ ಕೆಲಸ 120 ವರ್ಷಕ್ಕೂ ಹೆಚ್ಚು ಕಾಲ ನಿಂತುಹೋಗಿತ್ತು. ಕೈಯಿಂದ ಕೈಗೆ ಬರಬೇಕಾದ್ದು ಕೆಲವು ತಲೆಮಾರು ಬರಲೇ ಇಲ್ಲ. ಮತ್ತೆ ಶುರು ಮಾಡಿದವರು ಎಷ್ಟನ್ನು ನೆನಪಿನಿಂದ, ಎಷ್ಟನ್ನು ಊಹೆಯಿಂದ ಕಟ್ಟಿದರು? ನನಗೆ ಆ ಅಖಂಡತೆಯ ಕತೆಗಿಂತ ಈ ಬಿರುಕೇ ದೊಡ್ಡದು. ನಿಂತದ್ದನ್ನು ಮತ್ತೆ ಶುರು ಮಾಡೋಕೆ ಬೇರೆಯದೇ ಹಟ ಬೇಕು.

ಮರದ ಕತೆಯೂ ಹಾಗೇ. ಇಸೆಯ ಸ್ವಂತ ಕಾಡಿನಲ್ಲಿ ದೊಡ್ಡ ಮರ ಮುಗಿದು, ಶತಮಾನಗಳ ಕಾಲ ಹೊರಗಿನಿಂದ ತರಬೇಕಾಯಿತು. 1923ರಲ್ಲಿ ಅಲ್ಲೇ ಹಿನೋಕಿ ಬೆಳೆಸುವ 200 ವರ್ಷದ ಯೋಜನೆ ಹಾಕಿದರು. 2013ರ ಗುಡಿಗೆ ಆ ಕಾಡಿನ ಮರ ಒಂದಿಷ್ಟು ಬಂತು. ದೊಡ್ಡ ಕಂಬಗಳಿಗೆ ಇನ್ನೂ ನೂರು ವರ್ಷ ಕಾಯಬೇಕು.