ತಂತಿಯ ಮೇಲಿನ ನೀಲಕಂಠ

ನೀಲಕಂಠ ಕರ್ನಾಟಕದ ರಾಜ್ಯಪಕ್ಷಿ. ಪುಟ್ಟ ಮಕ್ಕಳಿಗೆಂದು ಬರೆದ ಹಕ್ಕಿ ಪುಸ್ತಕಗಳಲ್ಲಿ ಈ ವಾಕ್ಯ ಸಾಮಾನ್ಯವಾಗಿ ತಪ್ಪುವುದಿಲ್ಲ. ಪಕ್ಕದಲ್ಲೊಂದು ಚಿತ್ರ, ಕೆಳಗೆ ಆಹಾರ, ಗೂಡು, ಮೊಟ್ಟೆ. ಅಲ್ಲಿಗೆ ಪುಟ ಮುಗಿಯಿತು. ಆದರೆ ಬಯಲುಸೀಮೆಯ ರಸ್ತೆಬದಿಯ ಕರೆಂಟು ತಂತಿಯ ಮೇಲೆ ಕೂತಿರುವಾಗ ಈ ಹಕ್ಕಿ ಮಂಕು ಕಂದು, ತಿರುಗಿ ನೋಡಬೇಕೆನಿಸುವುದಿಲ್ಲ. ನೆಲದ ಮೇಲೆ ಮಿಡತೆ ಕಂಡು ರೆಕ್ಕೆ ಬಿಚ್ಚಿತೆನ್ನಿ, ತಿಳಿನೀಲಿ, ಕಡುನೀಲಿ ಎರಡೂ ಒಮ್ಮೆಗೇ ಹೊರಬೀಳುತ್ತವೆ. ಐದು ವರ್ಷದ ಮಗುವಿಗೆ ಹೇಳಬೇಕಾದದ್ದು ಇದನ್ನು. ರಾಜ್ಯಪಕ್ಷಿಯ ಪಟ್ಟ ಸರ್ಕಾರ ಕೊಟ್ಟದ್ದು, ನೀಲಿ ಹಕ್ಕಿಯದೇ.

ನಮ್ಮ ಮಕ್ಕಳ ಸಾಹಿತ್ಯದಲ್ಲಿ ಪ್ರಾಣಿಗಳು ಬಹುಕಾಲ ನೀತಿಯ ಹೊರೆ ಹೊತ್ತವು. ಗೋವಿನ ಹಾಡಿನ ಪುಣ್ಯಕೋಟಿ ಮಾತಿಗೆ ತಪ್ಪುವುದಿಲ್ಲ, ಪಂಚತಂತ್ರದ ನರಿ ಮೋಸ ಬಿಡುವುದಿಲ್ಲ. ಹಾಡಿನ ಸೊಗಸಿನ ಬಗ್ಗೆ ನನಗೆ ತಕರಾರಿಲ್ಲ. ಹುಲಿ ಹಸುವನ್ನು ತಿಂದರೆ ತಪ್ಪೇನು ಎಂದು ಕೇಳುವ ಮಗುವಿಗೆ ಮಾತ್ರ ಅಲ್ಲಿ ಉತ್ತರ ಸಿಗದು. 1936ರಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳ ವಿಶ್ವಕೋಶ ‘ಬಾಲ ಪ್ರಪಂಚ’ ತಂದಾಗ ಆ ಹೊರೆ ಇಳಿಯಿತು. ಮಗುವಿಗೂ ಇಡೀ ಜಗತ್ತು ಕನ್ನಡದಲ್ಲೇ ಸಿಗಬೇಕು ಎಂಬ ಹಟ ಅದು. ಮುಂದೆ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನು ಬರೆಸಿದ್ದೂ ಅದೇ ಹಟ. ಆದರೆ ಹಿಂದೆ ಬಂದವರು ಕಾರಂತರ ಕುತೂಹಲವನ್ನು ಬಿಟ್ಟು ಕೋಶದ ಅಚ್ಚನ್ನಷ್ಟೇ ಎತ್ತಿಕೊಂಡರು. ಸಸ್ತನಿ, ಸರೀಸೃಪ, ಉಭಯಚರ ಎಂದು ಖಾನೆ ಮಾಡಿ, ಒಂದೊಂದು ಖಾನೆಗೆ ನಾಲ್ಕು ಪ್ರಾಣಿ ತುಂಬಿದರೆ ಪುಸ್ತಕ ಸಿದ್ಧ. ‘ಸರೀಸೃಪ’ ಎಂದು ಒಂದೇ ಉಸಿರಿಗೆ ಹೇಳಬಲ್ಲ ಮಗುವನ್ನು ನಾನಂತೂ ಕಂಡಿಲ್ಲ. ಹಲ್ಲಿಯ ಬಾಲ ಉದುರಿ ನೆಲದಲ್ಲಿ ಒದ್ದಾಡುವುದನ್ನು ನೋಡದ ಮಗುವನ್ನೂ ಕಂಡಿಲ್ಲ.

ಇದಕ್ಕಿಂತ ಬೇಸರ ತರಿಸುವುದು ಆತ್ಮಕಥೆಯ ಧಾಟಿ. ‘ನಾನು ಆನೆ’ ಎಂದು ಶುರುವಾಗಿ, ತನ್ನ ತೂಕ, ಆಯಸ್ಸು, ಕೊನೆಗೆ ಲ್ಯಾಟಿನ್ ಹೆಸರನ್ನೂ ಆನೆಯೇ ಒಪ್ಪಿಸುತ್ತದೆ, ಇಂಟರ್‌ವ್ಯೂಗೆ ಬಂದವರ ಹಾಗೆ. ಇಂಥದ್ದೊಂದು ಪುಸ್ತಕದಲ್ಲಿ ನಾಗರಹೊಳೆಯ ಆನೆಗೆ ಭುಜ ಮುಚ್ಚುವಷ್ಟು ಅಗಲದ ಆಫ್ರಿಕದ ಕಿವಿ ಬರೆದಿದ್ದರು. ಆಫ್ರಿಕದ ಆನೆಯ ಸೊಂಡಿಲ ತುದಿಯಲ್ಲಿ ಎರಡು ಬೆರಳು, ನಮ್ಮದಕ್ಕೆ ಒಂದೇ. ದಸರೆಯ ಆನೆಯನ್ನು ಹತ್ತಿರದಿಂದ ನೋಡುವ ಮಗು ತಾನೇ ಎಣಿಸಿಕೊಳ್ಳಬಹುದಾದ ಸಂಗತಿ. ಆ ಪುಸ್ತಕದಲ್ಲಿ ಇರಲಿಲ್ಲ.

ನೋಡುವುದನ್ನು ಕಲಿಸಿದವರು ಪೂರ್ಣಚಂದ್ರ ತೇಜಸ್ವಿ. 1991ರ ‘ಪರಿಸರದ ಕತೆ’ಯಲ್ಲಿ ಕಿವಿ ಎಂಬ ನಾಯಿ, ಮಾರ, ಪ್ಯಾರ ಎಲ್ಲರೂ ಇದ್ದಾರೆ, ಮಾಹಿತಿ ಯಾವುದು, ಹರಟೆ ಯಾವುದು ಎಂದು ಬಿಡಿಸಲಾಗದಂತೆ ಕಲಸಿಕೊಂಡಿದ್ದಾರೆ. ತಾವು ಏಮಾರಿದ್ದನ್ನೂ ಅವರು ಮುಚ್ಚಿಡುವುದಿಲ್ಲ. ಆದರೆ ತೇಜಸ್ವಿಯನ್ನು ಓದಲು ಹತ್ತು ಹನ್ನೆರಡು ವರ್ಷವಾದರೂ ಆಗಿರಬೇಕು. ತೊಡೆಯ ಮೇಲೆ ಕೂತು ಓದಿಸಿಕೊಳ್ಳುವ ವಯಸ್ಸಿಗೆ ಅಂಥ ಬರಹಗಾರ ನಮಗಿನ್ನೂ ದಕ್ಕಿಲ್ಲ. ಅಲ್ಲಿ ಇರುವುದು ‘ಒ ಒಂಟೆ’ಯ ಅಕ್ಷರಮಾಲೆ, ಮತ್ತೆ ಅನುವಾದ.

ಅನುವಾದವನ್ನು ಹಗುರವಾಗಿ ತಳ್ಳಿಹಾಕಲಾರೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಕಡಿಮೆ ಬೆಲೆಗೆ ಒಳ್ಳೆಯ ಚಿತ್ರ ಕೊಟ್ಟಿತು. 2004ರಲ್ಲಿ ಶುರುವಾದ ಬೆಂಗಳೂರಿನ ಪ್ರಥಮ್ ಬುಕ್ಸ್, 2015ರಿಂದ ಸ್ಟೋರಿವೀವರ್ ಜಾಲತಾಣದಲ್ಲಿ ಪುಸ್ತಕಗಳನ್ನು ಉಚಿತವಾಗಿಯೇ ತೆರೆದಿಟ್ಟಿತು. ಹಳ್ಳಿ ಶಾಲೆಯ ಮೇಷ್ಟರಿಗೆ ಇದು ಸಣ್ಣ ಉಪಕಾರವಲ್ಲ. ತೊಡಕಿರುವುದು ಹೆಸರುಗಳಲ್ಲಿ. ಹತ್ತು ಭಾಷೆಗೆ ಹೋಗಬೇಕಾದ ಪುಸ್ತಕದಲ್ಲಿ ಇರುವೆ ಬರೀ ಇರುವೆಯಾಗಿ ಉಳಿಯುತ್ತದೆ. ಕನ್ನಡದಲ್ಲಾದರೋ ಗೊದ್ದವಿದೆ, ಕಟ್ಟಿರುವೆಯಿದೆ, ಚಗಳಿಯಿದೆ. ಒಂದೊಂದರ ಕಡಿತವೂ ಬೇರೆ.

ಚಗಳಿಯನ್ನೇ ತೆಗೆದುಕೊಳ್ಳಿ. ಮಾವಿನ ಮರದಲ್ಲಿ ಕೆಂಪಿರುವೆಗಳು ಸಾಲಾಗಿ ನಿಂತು ಒಂದು ಎಲೆಯ ಅಂಚನ್ನು ಕಾಲಲ್ಲಿ ಹಿಡಿದು, ಇನ್ನೊಂದರ ಅಂಚನ್ನು ಬಾಯಲ್ಲಿ ಕಚ್ಚಿ ಎಳೆಯುತ್ತವೆ. ಎಟುಕದಿದ್ದರೆ ಒಂದರ ಸೊಂಟವನ್ನು ಇನ್ನೊಂದು ಹಿಡಿದು ಸರಪಳಿಯಾಗುತ್ತವೆ. ಅಂಚುಗಳು ಕೂಡಿದಾಗ ಬೇರೆ ಕೆಲವು ಇರುವೆಗಳು ಗೂಡಿನ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ ತರುತ್ತವೆ. ಮರಿಯ ಬಾಯಿಂದ ರೇಷ್ಮೆಯ ಎಳೆ ಬರುತ್ತದೆ. ಅದನ್ನು ಈ ಎಲೆಗೊಮ್ಮೆ ಆ ಎಲೆಗೊಮ್ಮೆ ಮುಟ್ಟಿಸಿ ಹೊಲಿಯುತ್ತವೆ. ಹೊಲಿಗೆಯವು ದೊಡ್ಡವು, ನೂಲಿನ ಉಂಡೆ ಮರಿಗಳು. ಮರ ಹತ್ತಿ ಮೈಯೆಲ್ಲ ಕಚ್ಚಿಸಿಕೊಂಡು ಇಳಿದ ಮಲೆನಾಡಿನ ಹುಡುಗಿಗೆ ಇದನ್ನು ಎಂಟು ಚಿತ್ರ, ಎಂಟು ವಾಕ್ಯದಲ್ಲಿ ಹೇಳಬಹುದು. ‘ಮಕ್ಕಳೇ, ಇರುವೆಗಳಿಂದ ಒಗ್ಗಟ್ಟು ಕಲಿಯೋಣ’ ಎಂಬ ಒಂಬತ್ತನೆಯ ವಾಕ್ಯ ಬೇಡ. ಪುಟ ಉಳಿದರೆ ಚಗಳಿ ಚಟ್ನಿ ಮಾಡುವುದು ಹೇಗೆಂದು ಬರೆಯಲಿ.