ಹತ್ತಿದವರು ಮತ್ತು ಹತ್ತಿಸಿದವರು: ಪರ್ವತಾರೋಹಣ ಕಥನಗಳನ್ನು ಕುರಿತು

ಬಶೀರಾಬಾದ್ ಸೀಮೆಯಲ್ಲಿ ಪರ್ವತಗಳಿಲ್ಲ. ತೊಗರಿಯ ಹೊಲ, ಪರಸಿ ಕಲ್ಲಿನ ಗಣಿ, ತಾಂಡೂರಿನ ಬಳಿ ಹರಿದು ಗಡಿ ದಾಟಿ ಮಳಖೇಡದತ್ತ ಸಾಗುವ ಕಾಗಿಣಾ ನದಿ, ಇವು ನಾವು ದಿನವೂ ಕಾಣುವ ದೃಶ್ಯಗಳು. ನಮ್ಮ ಮಕ್ಕಳು ಕಂಡ ದೊಡ್ಡ ಗುಡ್ಡವೆಂದರೆ ವಿಕಾರಾಬಾದಿನ ಅನಂತಗಿರಿ. ಇಂಥ ಬಯಲು ಸೀಮೆಯ ಅಧ್ಯಾಪಕರ ಸಂಚಿಕೆಯಲ್ಲಿ ಹಿಮಾಲಯದ ಆರೋಹಣ ಸಾಹಿತ್ಯವನ್ನು ಚರ್ಚಿಸುವುದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಆದರೆ 2014ರ ಮೇ 25ರಂದು, ತೆಲಂಗಾಣ ರಾಜ್ಯ ಉದಯವಾಗುವುದಕ್ಕೆ ಎಂಟು ದಿನ ಮೊದಲು, ನಿಜಾಮಾಬಾದ್ ಜಿಲ್ಲೆಯ ಪಾಕಾಲ ಗ್ರಾಮದ ಮಾಲಾವತ್ ಪೂರ್ಣಾ ಎವರೆಸ್ಟಿನ ನೆತ್ತಿಯನ್ನು ಮುಟ್ಟಿದಳು. ಆಗ ಅವಳಿಗೆ 13 ವರ್ಷ 11 ತಿಂಗಳು. ಆಕೆ ಕೃಷಿ ಕೂಲಿಕಾರರ ಮಗಳು. ಸಮಾಜ ಕಲ್ಯಾಣ ವಸತಿ ಶಾಲೆಯ ವಿದ್ಯಾರ್ಥಿನಿ. ಅವಳೊಂದಿಗೆ ಖಮ್ಮಂ ಜಿಲ್ಲೆಯ ಸಾಧನಪಲ್ಲಿ ಆನಂದ ಕುಮಾರನೂ ಶಿಖರವನ್ನು ಏರಿದನು. ಅಂದಿನಿಂದ ಎವರೆಸ್ಟ್ ನಮ್ಮ ಪಾಲಿಗೆ ದೂರದ ವಿಷಯವಾಗಿ ಉಳಿದಿಲ್ಲ.

ಆರೋಹಣದ ಕಥನಗಳನ್ನು ಓದುವಾಗ ನಮಗೆ ಮುಖ್ಯವಾಗಿ ಏಳುವ ಪ್ರಶ್ನೆ ವ್ಯಾಕರಣದ್ದೇ ಆಗಿದೆ. ಕನ್ನಡದಲ್ಲಿ 'ಹತ್ತು' ಎಂಬ ಧಾತುವಿಗೆ 'ಇಸು' ಪ್ರತ್ಯಯ ಸೇರಿದರೆ 'ಹತ್ತಿಸು' ಎಂಬ ಪ್ರೇರಣಾರ್ಥಕ ರೂಪ ಸಿದ್ಧವಾಗುತ್ತದೆ. ಆಗ ಒಂದೇ ಕ್ರಿಯೆಗೆ ಇಬ್ಬರು ಕರ್ತೃಗಳು: ಹತ್ತಿಸಿದವನೊಬ್ಬ, ಅವನ ನೆರವಿನಿಂದ ಹತ್ತಿದವನೊಬ್ಬ. ಮಾರ್ಗದರ್ಶಿಗಳೊಡನೆ ನಡೆಯುವ ಆರೋಹಣವನ್ನು ಕುರಿತ ಪುಸ್ತಕಗಳ ಸತ್ಯಾಸತ್ಯವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ಇಲ್ಲವೆಂದು ನಮ್ಮ ಅಭಿಪ್ರಾಯ. ಪುಸ್ತಕವು ಈ ಇಬ್ಬರು ಕರ್ತೃಗಳನ್ನೂ ಉಳಿಸಿಕೊಂಡಿದೆಯೇ, ಇಲ್ಲವೆ ಒಬ್ಬನನ್ನು ಕೈಬಿಟ್ಟಿದೆಯೇ ಎಂಬುದನ್ನು ನೋಡಬೇಕು.

ಮೊದಲು ಆ ಬದುಕು ಎಂಥದೆಂಬುದನ್ನು ತಿಳಿಯಬೇಕು. ಎವರೆಸ್ಟಿನ ಎತ್ತರ 8848.86 ಮೀಟರ್ ಎಂದು ನೇಪಾಳ ಮತ್ತು ಚೀನಾ 2020ರಲ್ಲಿ ಒಟ್ಟಾಗಿ ಘೋಷಿಸಿದವು. ಶಿಖರದ ಮೇಲೆ ವಾಯುವಿನ ಒತ್ತಡ ಸಮುದ್ರಮಟ್ಟದ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಆದುದರಿಂದ ಯಾರೂ ನೇರವಾಗಿ ಹತ್ತಲಾರರು. ಮೇಲಿನ ಶಿಬಿರಕ್ಕೆ ಹೋಗಿ, ಮರಳಿ ಕೆಳಗಿಳಿದು, ದೇಹವನ್ನು ಆ ಗಾಳಿಗೆ ಒಗ್ಗಿಸಿಕೊಳ್ಳುತ್ತ ವಾರಗಟ್ಟಲೆ ಕಾಯಬೇಕು. ಹಸಿವು ಅಡಗುತ್ತದೆ, ನಿದ್ದೆ ದೂರವಾಗುತ್ತದೆ. ಡೇರೆಯಲ್ಲಿ ಮಂಜನ್ನು ಕರಗಿಸಿ ಚಹಾ ಕುಡಿಯುತ್ತ, ಮೇ ತಿಂಗಳಿನಲ್ಲಿ ಗಾಳಿ ತಗ್ಗುವ ಕೆಲವೇ ದಿನಗಳಿಗಾಗಿ ಎದುರುನೋಡುವುದೇ ಹೆಚ್ಚಿನ ಕೆಲಸ. ಈ ಅವಧಿಯಲ್ಲಿ ಶೆರ್ಪಾಗಳು ಹಗ್ಗ ಬಿಗಿಯುತ್ತಾರೆ, ಖುಂಬು ಹಿಮಪ್ರವಾಹದ ಬಿರುಕುಗಳಿಗೆ ಏಣಿ ಹಾಸುತ್ತಾರೆ, ಡೇರೆ, ಆಹಾರ, ಆಮ್ಲಜನಕದ ಸಿಲಿಂಡರುಗಳನ್ನು ಮೇಲಕ್ಕೆ ಸಾಗಿಸುತ್ತಾರೆ. ಹಣ ತೆತ್ತು ಬಂದ ಗಿರಾಕಿ ಕೆಲವೇ ಸಲ ದಾಟುವ ಅಪಾಯದ ದಾರಿಯನ್ನು ಶೆರ್ಪಾ ಅದಕ್ಕಿಂತ ಎಷ್ಟೋ ಹೆಚ್ಚು ಸಲ ಹೊರೆ ಹೊತ್ತು ದಾಟುತ್ತಾನೆ.

ಈ ಹಿನ್ನೆಲೆಯಲ್ಲಿ 1953ರ ಮೇ 29ರ ಪ್ರಥಮ ಆರೋಹಣದ ಎರಡು ಪುಸ್ತಕಗಳನ್ನು ಹೋಲಿಸಬಹುದು. ತಂಡದ ನಾಯಕ ಜಾನ್ ಹಂಟ್ ಬರೆದ 'ದಿ ಅಸೆಂಟ್ ಆಫ್ ಎವರೆಸ್ಟ್' 1953ರಲ್ಲಿಯೇ ಹೊರಬಂದಿತು. ಅದರಲ್ಲಿ ಶಿಖರದ ಅಧ್ಯಾಯವನ್ನು ಬರೆದವನು ಎಡ್ಮಂಡ್ ಹಿಲರಿ. ತುದಿಗೆ ಸ್ವಲ್ಪ ಕೆಳಗಿನ ಕಡಿದಾದ ಬಂಡೆಯನ್ನು ತಾನು ಏರಿ, ಅನಂತರ ತೇನ್ಸಿಂಗನನ್ನು ಹಗ್ಗದಿಂದ ಎಳೆದುಕೊಂಡುದಾಗಿಯೂ, ಮೇಲೆ ಬಂದ ತೇನ್ಸಿಂಗ್ ನೀರಿನಿಂದ ಎಳೆದು ಹಾಕಿದ ದೊಡ್ಡ ಮೀನಿನಂತೆ ಕುಸಿದುದಾಗಿಯೂ ಅವನು ವರ್ಣಿಸಿದ್ದಾನೆ. ತೇನ್ಸಿಂಗನಿಗೆ ಬರೆಯಲು ಬಾರದು. ಅವನು ಜೇಮ್ಸ್ ರ‍್ಯಾಮ್ಸೆ ಉಲ್ಮನ್ ಎಂಬ ಲೇಖಕನಿಗೆ ಹೇಳಿ ಬರೆಯಿಸಿದ 'ಮ್ಯಾನ್ ಆಫ್ ಎವರೆಸ್ಟ್' 1955ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವನು ಈ ವರ್ಣನೆಯನ್ನು ಒಪ್ಪುವುದಿಲ್ಲ. ಬಂಡೆ ಹೇಳಿದಷ್ಟು ಎತ್ತರವಾಗಿರಲಿಲ್ಲ, ತಾನು ತನ್ನ ಶಕ್ತಿಯಿಂದಲೇ ಹತ್ತಿದೆ ಎಂದು ತಿದ್ದುತ್ತಾನೆ. ಅದೇ ಪುಸ್ತಕದಲ್ಲಿ, ಶಿಖರದ ಮೇಲೆ ಮೊದಲು ಕಾಲಿಟ್ಟವನು ಹಿಲರಿ, ತಾನು ಹಿಂದಿನಿಂದ ಬಂದವನು ಎಂದು ಮರೆಮಾಚದೆ ಒಪ್ಪಿಕೊಳ್ಳುತ್ತಾನೆ. ಇಲ್ಲಿ ತೇನ್ಸಿಂಗನ ಹಿರಿಮೆ ಕಾಣುತ್ತದೆ. ಮೊದಲಿಗನೆಂಬ ಕೀರ್ತಿಯನ್ನು ಅವನು ಬಿಟ್ಟುಕೊಟ್ಟನು. 'ಹತ್ತಿದೆ' ಎಂಬ ಕ್ರಿಯಾಪದವನ್ನು ಮಾತ್ರ ಬಿಟ್ಟುಕೊಡಲಿಲ್ಲ. 1935ರಲ್ಲಿ ಹೊರೆಯಾಳಾಗಿ ಪರ್ವತಕ್ಕೆ ಬಂದ ಮನುಷ್ಯನಿಗೆ ಆ ಒಂದು ಪದದ ಬೆಲೆ ತಿಳಿದಿತ್ತು.

ನಲವತ್ತು ವರ್ಷಗಳ ಅನಂತರ ಪರ್ವತಾರೋಹಣ ವ್ಯಾಪಾರವಾಯಿತು. 1996ರಲ್ಲಿ ನ್ಯೂಜಿಲೆಂಡಿನ ರಾಬ್ ಹಾಲ್ ಮತ್ತು ಅಮೆರಿಕದ ಸ್ಕಾಟ್ ಫಿಶರ್ ಗಿರಾಕಿಗಳನ್ನು ಕರೆದೊಯ್ದರು. ಹಾಲ್‌ನ ತಂಡದ ಶುಲ್ಕ 65,000 ಡಾಲರ್. ಮೇ 10 ಮತ್ತು 11ರ ಬಿರುಗಾಳಿಯಲ್ಲಿ ಪರ್ವತದ ಎರಡು ಮಗ್ಗುಲುಗಳಲ್ಲಿ ಒಟ್ಟು 8 ಮಂದಿ ಸತ್ತರು. ಅವರಲ್ಲಿ ಹಾಲ್ ಮತ್ತು ಫಿಶರ್ ಇಬ್ಬರೂ ಸೇರಿದ್ದರು. ಉತ್ತರದ ಮಗ್ಗುಲಿನಲ್ಲಿ ಸತ್ತ ಮೂವರು ನಮ್ಮ ಭಾರತ–ಟಿಬೆಟ್ ಗಡಿ ಪೊಲೀಸ್ ದಳದವರು. ಹಾಲ್‌ನ ತಂಡದಲ್ಲಿದ್ದ ಪತ್ರಕರ್ತ ಜಾನ್ ಕ್ರಾಕೌರ್ 1997ರಲ್ಲಿ 'ಇನ್‌ಟು ಥಿನ್ ಏರ್' ಎಂಬ ಪುಸ್ತಕವನ್ನು ಬರೆದನು. ಫಿಶರ್‌ನ ತಂಡದ ಮಾರ್ಗದರ್ಶಿ ಅನತೋಲಿ ಬುಕ್ರೀವ್ ಅದೇ ವರ್ಷ ವೆಸ್ಟನ್ ಡಿವಾಲ್ಟ್‌ನೊಡನೆ 'ದಿ ಕ್ಲೈಂಬ್' ಎಂಬ ಪುಸ್ತಕವನ್ನು ಹೊರತಂದನು. ಮಾರ್ಗದರ್ಶಿಯಾದವನು ಗಿರಾಕಿಗಳಿಗಿಂತ ಮೊದಲೇ ಕೆಳಗಿಳಿದುದು ತಪ್ಪೆಂದು ಒಬ್ಬನ ವಾದ. ನಾಯಕನ ಸಮ್ಮತಿಯಿಂದಲೇ, ನೆರವಿಗೆ ಸಿದ್ಧನಾಗಿರಲೆಂದೇ ಇಳಿದೆನೆಂದು ಮತ್ತೊಬ್ಬನ ಉತ್ತರ. ಆ ರಾತ್ರಿ ಬುಕ್ರೀವ್ ಒಬ್ಬನೇ ಬಿರುಗಾಳಿಗೆ ಹೊರಟು ಮೂವರನ್ನು ಬದುಕಿಸಿ ತಂದನೆಂಬುದರಲ್ಲಿ ವಿವಾದವಿಲ್ಲ.

ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸುವ ಅಭ್ಯಾಸವಿರುವ ನಮ್ಮ ಸಂಶೋಧಕರಿಗೆ ಇಲ್ಲಿ ಕಲಿಯುವುದು ಬಹಳವಿದೆ. ತೆಳುವಾದ ಗಾಳಿಯಲ್ಲಿ ಕಣ್ಣು ಕಂಡುದನ್ನು ಮನಸ್ಸು ತಪ್ಪಾಗಿ ಬರೆದುಕೊಳ್ಳುತ್ತದೆ. ಕ್ರಾಕೌರ್ ತನ್ನ ಮೊದಲ ಪತ್ರಿಕಾ ಲೇಖನದಲ್ಲಿ ಸತ್ತ ಮಾರ್ಗದರ್ಶಿಯೊಬ್ಬನನ್ನು ಶಿಬಿರದ ಸಮೀಪ ಕಂಡೆನೆಂದು ಬರೆದಿದ್ದನು; ಅದು ಬೇರೊಬ್ಬ ವ್ಯಕ್ತಿಯೆಂದು ಅನಂತರ ತಿಳಿದು, ಪುಸ್ತಕದಲ್ಲಿ ತನ್ನ ದೋಷವನ್ನು ತಾನೇ ಒಪ್ಪಿದನು. ಈ ಪ್ರಾಮಾಣಿಕತೆ ಆ ಕೃತಿಯ ದೊಡ್ಡ ಗುಣ. ಆದರೂ ಒಂದು ಕೊರತೆ ಉಳಿಯುತ್ತದೆ. ಫಿಶರ್‌ನ ತಂಡದ ಲೋಪ್ಸಾಂಗ್ ಜಂಗ್ಬು ಶೆರ್ಪಾ ಗಿರಾಕಿಯೊಬ್ಬರನ್ನು ಕೆಲವು ಗಂಟೆಗಳ ಕಾಲ ಹಗ್ಗ ಕಟ್ಟಿ ಎಳೆದುಕೊಂಡು ಹೋದನೆಂದು ಕ್ರಾಕೌರ್ ಆಕ್ಷೇಪಿಸುತ್ತಾನೆ. ಲೋಪ್ಸಾಂಗ್ ಎರಡು ಪುಸ್ತಕಗಳೂ ಹೊರಬರುವ ಮೊದಲೇ, 1996ರ ಸೆಪ್ಟೆಂಬರ್‌ನಲ್ಲಿ, ಹಿಮ ಕುಸಿದು ಸತ್ತನು. ಎರಡು ಪಾಠಗಳು ದೊರೆತಿವೆ. ಹಗ್ಗವನ್ನು ಎಳೆದವನದೇ ಆದ ಪುಸ್ತಕ ಮಾತ್ರ ಇಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಪರೀಕ್ಷೆಗೆ ಅಂಗಡಿಯ 'ಗೈಡು' ಓದಿ ಉತ್ತೀರ್ಣನಾದ ಹುಡುಗನಂತೆ, ಗೈಡನ್ನು ನಂಬಿ ಶಿಖರವೇರಿದವನಿಗೆ ಏನು ಹೆಗ್ಗಳಿಕೆ? ಈ ಮಾತು ಅರ್ಧ ಸತ್ಯ. ಹೊರೆಯನ್ನು ಬೇರೊಬ್ಬನು ಹೊರಬಹುದು, ಹಗ್ಗವನ್ನು ಬೇರೊಬ್ಬನು ಕಟ್ಟಬಹುದು. ಉಸಿರನ್ನು ಮಾತ್ರ ಪ್ರತಿಯೊಬ್ಬನೂ ತಾನೇ ಆಡಬೇಕು. ಹತ್ತಿಸಿದವನು ಇದ್ದನೆಂಬ ಮಾತ್ರಕ್ಕೆ ಹತ್ತಿದವನ ಶ್ರಮ ಸುಳ್ಳಾಗುವುದಿಲ್ಲ. ನೆರವು ಪಡೆಯುವುದು ದೋಷವಲ್ಲ, ನೆರವನ್ನು ಬರಹದಲ್ಲಿ ಅಳಿಸುವುದು ದೋಷ.

ಇನ್ನು ಪೂರ್ಣಾಳ ವಿಷಯ. ರಾಹುಲ್ ಬೋಸ್ ನಿರ್ದೇಶಿಸಿದ 'ಪೂರ್ಣಾ' ಚಲನಚಿತ್ರ 2017ರಲ್ಲಿ ಬಂದಿತು. ಹಳ್ಳಿ ಮತ್ತು ವಸತಿ ಶಾಲೆಯ ಭಾಗಗಳೇ ಅದರ ಜೀವಾಳ. ಮಕ್ಕಳನ್ನು ಪರ್ವತಕ್ಕೆ ಕಳುಹಿಸಿದ ಅಧಿಕಾರಿ ಆರ್. ಎಸ್. ಪ್ರವೀಣ್ ಕುಮಾರರ ಪಾತ್ರವನ್ನು ನಿರ್ದೇಶಕರೇ ವಹಿಸಿದ್ದಾರೆ. ಇಲ್ಲಿ ಇದಿರಾಗುವ ಅಪಾಯ ಬೇರೆ ಬಗೆಯದು: ಹತ್ತಿಸಿದವರ ಕಥೆ ಬೆಳೆದು, ಹತ್ತಿದ ಹುಡುಗಿ ಚಿಕ್ಕದಾಗಿಬಿಡಬಹುದು. ಭುವನಗಿರಿಯ ಬಂಡೆಯಲ್ಲಿ, ಡಾರ್ಜಿಲಿಂಗಿನ ಪರ್ವತಾರೋಹಣ ಸಂಸ್ಥೆಯಲ್ಲಿ ಕಲಿತವಳು ಅವಳು. 2022ರಲ್ಲಿ ಏಳೂ ಖಂಡಗಳ ಅತ್ಯುನ್ನತ ಶಿಖರಗಳನ್ನು ಪೂರೈಸಿದವಳೂ ಅವಳೇ. ಅವಳು ಎವರೆಸ್ಟನ್ನು ಏರಿದ್ದು ಟಿಬೆಟಿನ ಕಡೆಯಿಂದ. ಅದೇ ಋತುವಿನಲ್ಲಿ, 2014ರ ಏಪ್ರಿಲ್ 18ರಂದು, ನೇಪಾಳದ ಕಡೆ ಖುಂಬುವಿನಲ್ಲಿ ಹಿಮ ಕುಸಿದು, ಗಿರಾಕಿಗಳಿಗಾಗಿ ದಾರಿ ಸಿದ್ಧಪಡಿಸುತ್ತಿದ್ದ 16 ಮಂದಿ ನೇಪಾಳಿ ಕೆಲಸಗಾರರು ಮಡಿದರು. ಒಂದು ಸುದ್ದಿಯಿಂದ ನಮಗೆ ಒಂದು ಹೆಸರು ಉಳಿದಿದೆ. ಇನ್ನೊಂದರಿಂದ ಒಂದು ಸಂಖ್ಯೆ ಉಳಿದಿದೆ. ಈ ಲೇಖನವೂ ಆ ದೋಷಕ್ಕೆ ಹೊರತಲ್ಲವೆಂದು ಒಪ್ಪಿಕೊಳ್ಳಬೇಕಾಗಿದೆ.

ಅಧ್ಯಾಪಕರಾದ ನಾವು ಎರಡೂ ಕಡೆ ನಿಂತವರು. ಗಡಿಯ ಶಾಲೆಯ ಮಗು ಮೇಲೇರಿದಾಗ, ತಿದ್ದಿ ಬರೆಯಿಸಿದ ಗುರುವಿನ ಹೆಸರು ಎಲ್ಲಿಯೂ ಬಾರದಿರುವುದುಂಟು. ಮಗುವಿನ ದುಡಿಮೆಯನ್ನು ನಾವು ನಮ್ಮ ಶಾಲೆಯ ಫಲಿತಾಂಶವೆಂದು ಹೇಳಿಕೊಳ್ಳುವುದೂ ಉಂಟು. ನಮ್ಮ ಪರಸಿ ಕಲ್ಲು ದೂರದ ಊರುಗಳ ನೆಲಕ್ಕೆ ಹಾಸಾಗುತ್ತದೆ, ಕಲ್ಲು ಸೀಳಿದವನ ಹೆಸರನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಆದುದರಿಂದ ತರಗತಿಯಲ್ಲಿ ಪ್ರೇರಣಾರ್ಥಕ ಕ್ರಿಯಾಪದವನ್ನು ಪಾಠ ಮಾಡುವ ದಿನ, 'ತೇನ್ಸಿಂಗ್ ಹತ್ತಿದನು', 'ಶೆರ್ಪಾಗಳು ಹತ್ತಿಸಿದರು', 'ಪೂರ್ಣಾ ಹತ್ತಿದಳು' ಎಂಬ ಮೂರು ವಾಕ್ಯಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಪ್ರತಿಯೊಂದರಲ್ಲಿಯೂ ಕರ್ತೃಗಳು ಎಷ್ಟು ಮಂದಿ ಎಂದು ಮಕ್ಕಳನ್ನು ಕೇಳಿ ನೋಡಬಹುದು.